ಉಬ್ಬಿದ ನರ

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಂಜೆ ಗಿರಮಿಟ್ ಕಲಸುವವರ ಕೈ ನೋಡುತ್ತೇವೆ. ಕಾಲು ನೋಡುವುದಿಲ್ಲ. ಗಂಟೆಗಟ್ಟಲೆ ನಿಂತ ಮೀನಖಂಡದ ಮೇಲೆ ಕೆಲವರಿಗೆ ನೀಲಿ ಗಂಟುಗಳು. ‘ನರ ಉಬ್ಯಾವ್ರೀ’ ಅಂತಾರೆ. ನಿಜಕ್ಕೂ ಅದು ನರವಲ್ಲ, ರಕ್ತನಾಳ. ಮೇಲೇರುವ ರಕ್ತ ಹಿಂದೆ ಜಾರದಂತೆ ಅದರೊಳಗೆ ಪುಟ್ಟ ಕವಾಟಗಳಿವೆ. ಅವು ಸೋತರೆ ರಕ್ತ ಕೆಳಗೇ ತಂಗುತ್ತದೆ.

ಸಂಜೆಯ ಭಾರ ಕಾಲೆತ್ತಿ ಮಲಗಿದರೆ ಇಳಿದೀತು. ನೋವು ದಿನವೂ ಕಾಡಿದರೆ, ಪಾದದ ಗಂಟಿನ ಬಳಿ ಚರ್ಮ ಕಪ್ಪಾದರೆ, ಗಾಯ ಮಾಯದಿದ್ದರೆ ವೈದ್ಯರಿಗೆ ತೋರಿಸಿ. ಒಂದೇ ಕಾಲು ದಿಢೀರನೆ ಊದಿ, ನೊಂದು, ಬಿಸಿಯಾದರೆ ಅಂದೇ ಹೋಗಿ. ಎಣ್ಣೆ ಹಚ್ಚಿ ತಿಕ್ಕಬೇಡಿ. ಜತೆಗೆ ಏದುಸಿರು ಬಂದರೆ 108ಕ್ಕೆ ಕರೆ ಮಾಡಿ. ನಾಳ ಒಡೆದು ರಕ್ತ ಬಂದರೆ ಮಲಗಿಸಿ, ಕಾಲೆತ್ತಿ, ಬಟ್ಟೆಯಿಂದ ಒತ್ತಿ ಹಿಡಿದು, ಆಸ್ಪತ್ರೆಗೆ ಒಯ್ಯಿರಿ.

ಇವತ್ತು ಗಿರಮಿಟ್ ತಿನ್ನುವಾಗ ನೋಡಿ, ಬಂಡಿಯ ಹಿಂದೆ ಕಲಸುವವರು ಕೂರಲು ಒಂದು ಸ್ಟೂಲ್ ಇದೆಯೇ?