ತೊಟ್ಟಿಲಿನ ಅರಗು

(ವಿಜಯಪುರದಲ್ಲಿ ಮಾಡಿದ ಭಾಷಣದ ಸಂಗ್ರಹ)



ಅರಗು ಎಂದೊಡನೆ ನಮಗೆ ಪಾಂಡವರನ್ನು ಸುಡಲು ಕಟ್ಟಿಸಿದ ಅರಗಿನ ಮನೆ ನೆನಪಾಗುತ್ತದೆ. ಅದೇ ಅರಗು ನಮ್ಮ ಉತ್ತರ ಕರ್ನಾಟಕದಲ್ಲಿ ಕೂಸುಗಳನ್ನು ತೂಗಿದೆ. ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲಿಗೆ ಚಿತ್ರಗಾರರು ಹಚ್ಚುವುದು ಅರಗಿನ ಬಣ್ಣ. ಚೊಚ್ಚಿಲ ಕೂಸಿಗೆ ತವರಿನವರು ತೊಟ್ಟಿಲು ಕೊಡುವುದು ಈ ಭಾಗದ ರೂಢಿ. ತಿಕೋಟಾ, ಬಬಲೇಶ್ವರದ ಕಡೆ ನಿಮ್ಮ ಮನೆಯ ಅಟ್ಟದಲ್ಲಿ ಅಂಥದೊಂದು ಇದ್ದರೆ, ಈ ಮಾತು ಅದಕ್ಕಾಗಿ.

ಮೊಮ್ಮಗು ಬರುವಾಗ ತೊಟ್ಟಿಲು ಕೆಳಗಿಳಿಯುತ್ತದೆ. ಬಣ್ಣ ಬಿರಿದಿದೆ, ಚಿತ್ರದ ಕೃಷ್ಣನ ಕೈ ಉದುರಿದೆ. ಒಂದು ಡಬ್ಬಿ ಆಯಿಲ್ ಪೇಂಟ್ ಬಳಿದರಾಯಿತು ಎನ್ನುತ್ತೇವೆ. ಅಲ್ಲಿಗೆ ಚಿತ್ರಗಾರನ ಗೆರೆ ಮುಗಿಯಿತು.

ಅರಗು ಮರದ ಕೊಂಬೆಗಳ ಮೇಲೆ ಒಂದು ಸಣ್ಣ ಕೀಟ ಸ್ರವಿಸುವ ರಾಳ. ಬಿಸಿಗೆ ಮೆತ್ತಗಾಗುತ್ತದೆ, ತಣಿದರೆ ಗಟ್ಟಿಯಾಗುತ್ತದೆ, ಸ್ಪಿರಿಟ್‌ನಲ್ಲಿ ಕರಗುತ್ತದೆ. ಇಂದಿನ ಮಕ್ಕಳು ಜೋಡಿಸುವ ರೆಸಿನ್ ಬೊಂಬೆಗಳೂ ಎರಡು ಟ್ಯೂಬಿನ ಎಪಾಕ್ಸಿ ಅಂಟೂ ಹಾಗಲ್ಲ. ರಾಸಾಯನಿಕ ಕ್ರಿಯೆಯಿಂದ ಒಮ್ಮೆ ಬಿಗಿದವು ಮತ್ತೆ ಕರಗವು. ಆ ಅಂಟಿನಿಂದ ತಪ್ಪಾಗಿ ಕೂಡಿಸಿದರೆ ತಪ್ಪೇ ಶಾಶ್ವತ. ಅದಕ್ಕೇ ವಸ್ತುಸಂಗ್ರಹಾಲಯಗಳ ತಜ್ಞರು ನಾಳೆ ಬಿಚ್ಚಲು ಬರುವಂಥ ದುರಸ್ತಿಯನ್ನೇ ಬಯಸುತ್ತಾರೆ.

ಬಣ್ಣ ಬಿರಿಯುವುದೇಕೆ? ಮಳೆಗಾಲದಲ್ಲಿ ಕಟ್ಟಿಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮೇಲಿನ ಅರಗಿನ ಪದರಕ್ಕೆ ಆ ಹಿಗ್ಗು-ಕುಗ್ಗು ಒಗ್ಗದು. 40 ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ಪತ್ರಾಸಿನ ಕೆಳಗಿನ ಅಟ್ಟ ಅದಕ್ಕೆ ಇನ್ನೂ ಕೆಟ್ಟ ಜಾಗ.

ಆದ್ದರಿಂದ ಮೊದಲು ತೊಟ್ಟಿಲನ್ನು ತಂಪಾದ, ಗಾಳಿಯಾಡುವ ಕೋಣೆಗೆ ತನ್ನಿ. ಒದ್ದೆ ಬಟ್ಟೆ, ಥಿನ್ನರ್, ಸ್ಪಿರಿಟ್ ಮುಟ್ಟಿಸಬೇಡಿ. ಮೆತ್ತನೆಯ ಬ್ರಶ್‌ನಿಂದ ಧೂಳು ಕೊಡವಿರಿ. ಉದುರಿದ ಚಕ್ಕೆಗಳನ್ನು ಕಾಗದದ ಪೊಟ್ಟಣದಲ್ಲಿಡಿ. ಎಲ್ಲ ಬದಿಯ ಫೋಟೋ ತೆಗೆಸಿರಿ. ಬಿಟ್ಟ ಕೀಲನ್ನು ಬಡಿಗೇರರು ಬಿಗಿಯಲಿ. ಬಣ್ಣದ ಕೆಲಸ ಅರಗು ಬಲ್ಲ ಚಿತ್ರಗಾರರಿಗೇ ಇರಲಿ. ಅವರೂ ಉದುರಿದಷ್ಟನ್ನೇ ತುಂಬಲಿ, ಉಳಿದದ್ದನ್ನು ಮುಚ್ಚದಿರಲಿ.

ಕೂಸನ್ನು ಮಲಗಿಸುವುದಾದರೆ ಭಾರ ಹೊರುವ ಕೊಂಡಿ, ಸರಪಳಿಗಳನ್ನು ಮುಲಾಜಿಲ್ಲದೆ ಬದಲಿಸಿ. ಬಣ್ಣದ ಚಕ್ಕೆ ಏಳುತ್ತಿದ್ದರೆ ಕೂಸನ್ನು ಅದರಲ್ಲಿ ಮಲಗಿಸಲೇಬೇಡಿ. ಅದು ಕೂಸಿನ ಬಾಯಿಗೆ ಹೋಗಬಾರದು. ಅಂಥ ತೊಟ್ಟಿಲು ನಡುಮನೆಯಲ್ಲಿ ಸುಮ್ಮನೆ ತೂಗಲಿ. ಅಜ್ಜಿ ಯಾವ ತೊಟ್ಟಿಲಲ್ಲಿ ಬೆಳೆದಳೆಂದು ಮೊಮ್ಮಗು ನೋಡಿ ತಿಳಿಯಲು ಅಷ್ಟು ಸಾಕು.