ಸರಣಿಯ ಕೊನೆಯ ಪುಸ್ತಕ



ಮೆಚ್ಚಿನ ಪುಸ್ತಕದ ಬಗ್ಗೆ ಮಾತಾಡಿ ಎಂದಾಗ ತ್ರಿವೇಣಿ, ಭೈರಪ್ಪನವರ ಹೆಸರು ಬರುವುದು ಸಹಜ. ನಾನು ಮಾತ್ರ ಐಸಾಕ್ ಅಸಿಮೋವ್ ಅವರ 'ಫೌಂಡೇಶನ್' ಎಂಬ ವೈಜ್ಞಾನಿಕ ಕಾದಂಬರಿ ಸರಣಿಯನ್ನು ಹಿಡಿದು ಬಂದಿದ್ದೇನೆ. ಸ್ವಲ್ಪ ಸಹಿಸಿಕೊಳ್ಳಿ.

ಸರಣಿಯ ಮೊದಲ ಮೂರು ಪುಸ್ತಕಗಳು ಬಂದದ್ದು 1951ರಿಂದ 1953ರೊಳಗೆ. ಮದುವೆಯಾಗಿ ಅಂಧೇರಿಗೆ ಬಂದ ಹೊಸತರಲ್ಲಿ ಫೌಂಟನ್ ಫುಟ್‌ಪಾತಿನಲ್ಲಿ ಹಳೆಯ ಪ್ರತಿಗಳನ್ನು ಕೊಂಡು, ಚರ್ಚ್‌ಗೇಟ್ ಲೋಕಲ್‌ನ ಮಹಿಳಾ ಡಬ್ಬಿಯಲ್ಲಿ ಓದಿ ಮುಗಿಸಿದ್ದೆ. ಹ್ಯಾರಿ ಸೆಲ್ಡನ್ ಎಂಬ ಗಣಿತಜ್ಞ ಇಡೀ ಸಾಮ್ರಾಜ್ಯದ ಪತನವನ್ನು ಮೊದಲೇ ಲೆಕ್ಕ ಹಾಕುತ್ತಾನೆ. ಆಮೇಲಿನ 30,000 ವರ್ಷಗಳ ಕತ್ತಲನ್ನು ಒಂದು ಸಾವಿರಕ್ಕೆ ಇಳಿಸುವುದು ಅವನ ಯೋಜನೆ. ಆದರೆ ಅವನ ಲೆಕ್ಕ ನಡೆಯುವುದು ಜನಸಮೂಹಕ್ಕೆ, ಒಬ್ಬೊಬ್ಬರಿಗಲ್ಲ. ನಮಗಿದು ಹೊಸತೇ? ಬೆಳಿಗ್ಗೆ ಅಂಧೇರಿ ಸ್ಟೇಷನ್ನಿನಲ್ಲಿ ಗುಂಪು ಎತ್ತ ನುಗ್ಗುತ್ತದೆ ಎಂದು ಕಣ್ಣು ಮುಚ್ಚಿ ಹೇಳುತ್ತೇವೆ. ಪಕ್ಕದಲ್ಲಿ ನಿಂತವಳ ಮನಸ್ಸಿನಲ್ಲಿ ಏನಿದೆಯೋ ಗೊತ್ತಿಲ್ಲ.

ಅಸಿಮೋವ್ ತೀರಿಕೊಂಡದ್ದು 1992ರಲ್ಲಿ. ಮರುವರ್ಷ ಬಂದ 'ಫಾರ್ವರ್ಡ್ ದ ಫೌಂಡೇಶನ್' ಅವರು ಈ ಸರಣಿಗೆ ಬರೆದ ಕೊನೆಯ ಪುಸ್ತಕ. ಕಥೆ ಮಾತ್ರ ಹಿಂದಕ್ಕೆ, ಸೆಲ್ಡನ್‌ನ ನಡುವಯಸ್ಸು ಮುಪ್ಪಿನತ್ತ ಜಾರುವ ಕಾಲಕ್ಕೆ ಹೋಗುತ್ತದೆ. ಅದನ್ನು ಆಗ ಅರ್ಧಕ್ಕೇ ಬಿಟ್ಟೆ. ಮುದುಕನ ಮನೆಯ ತಾಪತ್ರಯ ನನಗೇಕೆ ಅನಿಸಿತ್ತು. ನಮ್ಮ ಕುಮಾರವ್ಯಾಸ ಹತ್ತು ಪರ್ವ ಬರೆದ, ಉಳಿದ ಎಂಟನ್ನು ತಿಮ್ಮಣ್ಣ ಕವಿ ಪೂರ್ತಿಗೊಳಿಸಿದ. ಗದಾಯುದ್ಧದ ನಂತರದ ಕಥೆಗೆ ನಮ್ಮಲ್ಲಿ ಎಷ್ಟು ಜನ ಕುಳಿತಿರುತ್ತೇವೆ?

ಕಳೆದ ವರ್ಷ ನಮ್ಮ ಯಜಮಾನರು ಹೋದರು. ಕಪಾಟು ಖಾಲಿ ಮಾಡುವಾಗ ಈ ಪುಸ್ತಕ ಸಿಕ್ಕಿತು, ಜೊತೆಗೆ ಅವರ ಲೆಕ್ಕದ ಪುಸ್ತಕವೂ. ಮಕ್ಕಳ ಫೀಸು, ಮನೆಯ ಸಾಲ, ನಿವೃತ್ತಿಯ ನಂತರ ಧಾರವಾಡದಲ್ಲಿ ಮನೆ, ಎಲ್ಲ ಬರೆದಿಟ್ಟಿದ್ದರು. ಎಲ್ಲ ಪುಟದಲ್ಲೂ ನಾವಿಬ್ಬರೂ ಇದ್ದೆವು.

ಆ ವಾರವೇ ಕಾದಂಬರಿ ಮುಗಿಸಿದೆ. ಸೆಲ್ಡನ್ ತನ್ನ ಹೆಂಡತಿ ಡಾರ್ಸ್‌ಳನ್ನು ಕಳೆದುಕೊಳ್ಳುತ್ತಾನೆ, ಆಮೇಲೆ ಮಗನನ್ನೂ. ಇಡೀ ಗ್ಯಾಲಕ್ಸಿಯ ನಾಳೆ ಕಂಡವನಿಗೆ ಮನೆಯ ನಾಳೆ ಕಾಣಲಿಲ್ಲ. ಆದರೂ ಅವನು ಮೇಜಿನ ಮುಂದೆ ಕೂತು ಕೆಲಸ ಮಾಡುತ್ತಲೇ ಇರುತ್ತಾನೆ. ಆ ಕೆಲಸವನ್ನು ಮುಂದಕ್ಕೆ ಒಯ್ಯುವವಳು ಮೊಮ್ಮಗಳು ವಾಂಡಾ.

ಯಜಮಾನರ ಲೆಕ್ಕದ ಪುಸ್ತಕವನ್ನು ನಾನು ಎಸೆದಿಲ್ಲ. ಈಗ ಅದರಲ್ಲಿ ಹಾಲಿನ ಲೆಕ್ಕ ನಾನೇ ಬರೆಯುತ್ತಿದ್ದೇನೆ.

ನೀವು ಮೊದಲ ಪುಸ್ತಕದಿಂದಲೇ ಶುರು ಮಾಡಿ. ಕೊನೆಯದಕ್ಕೆ ಅವಸರ ಬೇಡ, ಆದರೆ ನನ್ನ ಹಾಗೆ ಅರ್ಧಕ್ಕೆ ಬಿಡಬೇಡಿ. ಬೇಕಾದವರು ಕೇಳಿ, ನನ್ನ ಪ್ರತಿ ಕೊಡುತ್ತೇನೆ.