ಹದಿಮೂರು ಕಾರ್ಖಾನೆ, ಒಂದು ಪ್ಯಾಂಟು

(ಕಾಲೇಜೊಂದರ ಇತಿಹಾಸ ಸಂಘದಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಪಠ್ಯ)



ಇತಿಹಾಸದ ಬಗ್ಗೆ ಮಾತನಾಡಿ ಎಂದು ಕರೆದಿದ್ದೀರಿ. ನಾನು ಇತಿಹಾಸಕಾರನಲ್ಲ, ವರದಿಗಾರ. ದೊಡ್ಡ ಸಿದ್ಧಾಂತಗಳಿಗಿಂತ ಸಣ್ಣ ವಸ್ತುಗಳ ಮೇಲೆ ನಮಗೆ ಕಣ್ಣು ಜಾಸ್ತಿ. ಹಾಗಾಗಿ ಒಂದು ಪ್ಯಾಂಟಿನಿಂದಲೇ ಶುರು ಮಾಡುತ್ತೇನೆ.

1970ರ ದಶಕದ ಚೀನಾ. ಜಪಾನಿನಿಂದ ಆಮದಾದ ಯೂರಿಯಾ ಗೊಬ್ಬರ ಹಳ್ಳಿಗಳಿಗೆ ಬರುತ್ತಿತ್ತು. ಅದರ ಚೀಲ ಕೃತಕ ನೂಲಿನದು, ನಯವಾದದ್ದು, ಗಟ್ಟಿಯಾದದ್ದು. ಗೊಬ್ಬರ ಹೊಲ ಸೇರಿದ ಮೇಲೆ ಚೀಲ ಹಳ್ಳಿಯ ಮುಖಂಡರ ಮನೆ ಸೇರುತ್ತಿತ್ತು. ಅವರು ಅದಕ್ಕೆ ಬಣ್ಣ ಹಾಕಿಸಿ ಪ್ಯಾಂಟು ಹೊಲಿಸಿಕೊಳ್ಳುತ್ತಿದ್ದರು. ಬಣ್ಣ ಹಾಕಿದರೂ ಅಚ್ಚಿನ ಅಕ್ಷರ ಮಾಸುತ್ತಿರಲಿಲ್ಲ. ಒಂದು ಕಡೆ ‘ಜಪಾನ್’, ಇನ್ನೊಂದು ಕಡೆ ‘ಯೂರಿಯಾ’! ಜನ ಇದರ ಮೇಲೆ ಪದ ಕಟ್ಟಿ ನಗುತ್ತಿದ್ದರು.

ನಗುವ ವಿಷಯವೇ. ಆದರೆ ಆ ಒಂದು ಪ್ಯಾಂಟಿನಲ್ಲಿ ಎರಡು ಕೊರತೆಗಳಿದ್ದವು. ದೇಶದಲ್ಲಿ ಗೊಬ್ಬರವೂ ಸಾಲದು, ಬಟ್ಟೆಯೂ ಸಾಲದು. 1954ರಿಂದಲೇ ಬಟ್ಟೆ ಕೊಳ್ಳಲು ಕೂಪನ್ ಬೇಕಿತ್ತು. ಹತ್ತಿಗೆ ಜಮೀನು ಬಿಟ್ಟರೆ ಅನ್ನಕ್ಕೆ ಕಡಿಮೆ, ಅನ್ನಕ್ಕೆ ಬಿಟ್ಟರೆ ಮೈಗೆ ಬಟ್ಟೆ ಕಡಿಮೆ. ಈ ಇಕ್ಕಟ್ಟಿನಿಂದ ಪಾರಾಗಲು ಮಾವೋ ಅವರ ಚೀನಾ ಒಂದು ಕೆಲಸ ಮಾಡಿತು. ಹಗಲೂ ರಾತ್ರಿ ತಾನು ಬೈಯುತ್ತಿದ್ದ ಬಂಡವಾಳಶಾಹಿ ದೇಶಗಳಿಂದ ರಾಸಾಯನಿಕ ಕಾರ್ಖಾನೆಗಳನ್ನು ಇಡಿಯಾಗಿ ಕೊಂಡುಕೊಂಡಿತು. ಇವತ್ತು ಹೇಳಹೊರಟಿರುವುದು ಆ ವ್ಯಾಪಾರದ ಕಥೆ.

ಮೊದಲು ಸ್ವಲ್ಪ ರಸಾಯನಶಾಸ್ತ್ರ. ಬೆಳೆಗೆ ಸಾರಜನಕ ಬೇಕು. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡಾ 78 ಭಾಗ ಅದೇ. ಆದರೆ ಆ ರೂಪದಲ್ಲಿ ಅದನ್ನು ಪೈರು ಹೀರಿಕೊಳ್ಳಲಾರದು. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎನ್ನುತ್ತೇವಲ್ಲ, ಹಾಗೆ. 1909ರಲ್ಲಿ ಜರ್ಮನಿಯ ಫ್ರಿಟ್ಸ್ ಹಾಬರ್ ಗಾಳಿಯ ಸಾರಜನಕವನ್ನು ಜಲಜನಕದೊಂದಿಗೆ ಕೂಡಿಸಿ ಅಮೋನಿಯಾ ಮಾಡಿ ತೋರಿಸಿದರು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ತಂದರು. 1913ರಲ್ಲಿ ಓಪೌ ಎಂಬಲ್ಲಿ ಮೊದಲ ಕಾರ್ಖಾನೆ ಶುರುವಾಯಿತು. ಅಮೋನಿಯಾದಿಂದ ಯೂರಿಯಾ, ಯೂರಿಯಾದಿಂದ ಭತ್ತ, ಗೋಧಿ.

ಅಂದರೆ 1949ರಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬರುವ ಹೊತ್ತಿಗೆ ಈ ವಿದ್ಯೆ ಹಳೆಯದಾಗಿತ್ತು. ಆದರೆ 1950ರಿಂದ ಅಮೆರಿಕ ಚೀನಾದೊಂದಿಗೆ ವ್ಯಾಪಾರವನ್ನೇ ನಿಷೇಧಿಸಿತು. ನೆರವಿಗೆ ಬಂದದ್ದು ಸೋವಿಯತ್ ಒಕ್ಕೂಟ. 1960ರಲ್ಲಿ ಆ ಸ್ನೇಹವೂ ಮುರಿದು, ಸೋವಿಯತ್ ತಜ್ಞರು ಗಂಟುಮೂಟೆ ಕಟ್ಟಿ ಹೊರಟರು.

ಅದೇ ಹೊತ್ತಿನಲ್ಲಿ, 1959ರಿಂದ 1961ರವರೆಗೆ, ಚೀನಾ ಘೋರ ಕ್ಷಾಮಕ್ಕೆ ಸಿಕ್ಕಿತು. ಸತ್ತವರ ಅಂದಾಜು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಇದೆ. ಇದು ಕೇವಲ ಗೊಬ್ಬರದ ಕೊರತೆಯಿಂದ ಬಂದ ಕ್ಷಾಮವಲ್ಲ. ‘ಮಹಾ ಜಿಗಿತ’ದ ಹೆಸರಿನಲ್ಲಿ ರೈತರನ್ನು ಕಬ್ಬಿಣ ಕರಗಿಸಲು ಹಚ್ಚಿದ್ದು, ಸುಳ್ಳು ಇಳುವರಿ ಲೆಕ್ಕ ನಂಬಿ ಧಾನ್ಯ ಎತ್ತಿಕೊಂಡು ಹೋದದ್ದು ಅದರ ಮುಖ್ಯ ಕಾರಣಗಳು. ಆದರೆ ಒಂದು ಪಾಠ ಉಳಿಯಿತು. ಇಷ್ಟು ಜನರಿಗೆ ಇಷ್ಟೇ ಜಮೀನಿನಲ್ಲಿ ಅನ್ನ ಹುಟ್ಟಬೇಕಾದರೆ ಘೋಷಣೆ ಸಾಲದು.

ಚೀನೀಯರು ಕೈಕಟ್ಟಿ ಕೂತಿದ್ದರೆಂದು ತಿಳಿಯಬೇಡಿ. ರಸಾಯನ ತಜ್ಞ ಹೌ ಡೆಬಾಂಗ್ ಅವರ ಮಾರ್ಗದರ್ಶನದಲ್ಲಿ ಕಲ್ಲಿದ್ದಲಿನಿಂದ ಅಮೋನಿಯಂ ಬೈಕಾರ್ಬೊನೇಟ್ ತಯಾರಿಸುವ ಸಣ್ಣ ಕಾರ್ಖಾನೆಗಳ ಮಾದರಿ ಸಿದ್ಧವಾಯಿತು. ನಮ್ಮ ತಾಲ್ಲೂಕಿಗೊಂದು ಎಂಬಂತೆ ಇಂಥವು ಸಾವಿರಕ್ಕೂ ಹೆಚ್ಚು ತಲೆಯೆತ್ತಿದವು. ಯಂತ್ರ ಸ್ವದೇಶಿ, ಕಲ್ಲಿದ್ದಲು ಸ್ವದೇಶಿ. ಆದರೆ ಆ ಗೊಬ್ಬರದಲ್ಲಿ ಸಾರಜನಕ ಶೇಕಡಾ 17 ಮಾತ್ರ, ಯೂರಿಯಾದಲ್ಲಿ 46. ಸಾಲದ್ದಕ್ಕೆ ಚೀಲ ಬಿಚ್ಚಿಟ್ಟರೆ ಗೊಬ್ಬರದ ಸತ್ವ ಗಾಳಿಗೇ ಹಾರಿಹೋಗುವ ಕಾಟ.

ಕೊಳ್ಳುವುದೂ ಸಣ್ಣದಾಗಿ ನಡೆದಿತ್ತು. 1963ರಲ್ಲಿ ಜಪಾನಿನ ಕುರಾಶಿಕಿ ರೇಯಾನ್ ಕಂಪನಿಯಿಂದ ವಿನಿಲಾನ್ ನೂಲಿನ ಕಾರ್ಖಾನೆ ಕೊಳ್ಳಲು ಕರಾರಾಯಿತು. ಹಣವನ್ನು ಕಂತಿನಲ್ಲಿ ಕೊಡುವ ಸೌಲಭ್ಯವೂ ಇತ್ತು. ತೈವಾನ್ ಕೆಂಡಾಮಂಡಲವಾಯಿತು. ಬಳಿಕ ಇನ್ನೊಂದು ಜಪಾನೀ ಕಂಪನಿಯ ಇಂಥದೇ ವ್ಯವಹಾರಕ್ಕೆ ಜಪಾನ್ ಸರ್ಕಾರದ ಸಾಲದ ಬೆಂಬಲ ಸಿಗದೆ ಅದು ನಿಂತುಹೋಯಿತು. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಶುರುವಾದ ಮೇಲಂತೂ ವಿದೇಶಿ ವಸ್ತುವನ್ನು ಹೊಗಳುವುದೇ ಅಪರಾಧವಾಯಿತು.

ಹಾಗಾದರೆ ಬಾಗಿಲು ತೆರೆದದ್ದು ಹೇಗೆ? ಇಲ್ಲಿ ಮತ್ತೊಂದು ಪ್ಯಾಂಟು ಬರುತ್ತದೆ! ಚೆನ್ ಜಿನ್‌ಹುವಾ ಎಂಬ ಅಧಿಕಾರಿ ತಮ್ಮ ನೆನಪುಗಳಲ್ಲಿ ಈ ಪ್ರಸಂಗ ಹೇಳಿದ್ದಾರೆ. 1971ರಲ್ಲಿ ಮಾವೋ ಪ್ರವಾಸದಲ್ಲಿದ್ದಾಗ ಅವರ ಸಿಬ್ಬಂದಿಯೊಬ್ಬರು ಬಹಳ ಹೊತ್ತು ಸಾಲಿನಲ್ಲಿ ನಿಂತು ಒಂದು ಪಾಲಿಯೆಸ್ಟರ್ ಪ್ಯಾಂಟು ಕೊಂಡು ಬಂದರಂತೆ. ಒಂದು ಪ್ಯಾಂಟಿಗೆ ಇಷ್ಟು ಪಾಡೇ ಎಂದು ಮಾವೋ ಅಚ್ಚರಿಪಟ್ಟು, ಪ್ರಧಾನಿ ಚೌ ಎನ್‌ಲಾಯ್ ಅವರ ಬಳಿ ಈ ವಿಷಯ ಎತ್ತಿದರಂತೆ.

1972ರ ಆರಂಭದಲ್ಲೇ ನೂಲು ಮತ್ತು ಗೊಬ್ಬರದ ಯಂತ್ರ ಆಮದಿಗೆ ಒಪ್ಪಿಗೆ ಸಿಕ್ಕಿತು. ಅದೇ ಫೆಬ್ರುವರಿಯಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಪೀಕಿಂಗಿಗೆ ಬಂದಿಳಿದರು. 1973ರ ಜನವರಿಯಲ್ಲಿ ಯೋಜನಾ ಆಯೋಗ 430 ಕೋಟಿ ಡಾಲರಿನ ಆಮದು ಪಟ್ಟಿಯನ್ನು ಮುಂದಿಟ್ಟಿತು. ಆ ಮೊತ್ತದಿಂದಾಗಿ ಅದಕ್ಕೆ ‘ನಾಲ್ಕು-ಮೂರು ಯೋಜನೆ’ ಎಂದೇ ಹೆಸರು. ಪಟ್ಟಿಯಲ್ಲಿ ನಾಲ್ಕು ಬೃಹತ್ ಕೃತಕ ನೂಲಿನ ಸಂಕೀರ್ಣಗಳಿದ್ದವು, ಹದಿಮೂರು ಗೊಬ್ಬರ ಕಾರ್ಖಾನೆಗಳಿದ್ದವು.

ಆ ಹದಿಮೂರರ ಲೆಕ್ಕ ಕೇಳಿ. ಎಂಟರ ಅಮೋನಿಯಾ ಘಟಕಗಳು ಅಮೆರಿಕದ ಕೆಲ್ಲಾಗ್ ಕಂಪನಿಯವು. ಉಳಿದವುಗಳಲ್ಲಿ ಮೂರು ಫ್ರಾನ್ಸಿನಿಂದ, ಎರಡು ಜಪಾನಿನಿಂದ. ಒಂದೊಂದರಲ್ಲೂ ದಿನಕ್ಕೆ ಸುಮಾರು 1,000 ಟನ್ ಅಮೋನಿಯಾ. ಹೌ ಡೆಬಾಂಗ್ ಮಾದರಿಯ ಸಣ್ಣ ಕಾರ್ಖಾನೆ ವರ್ಷವಿಡೀ ಮಾಡುತ್ತಿದ್ದದ್ದು 2,000 ಟನ್. ಅದರ ವರ್ಷದ ದುಡಿಮೆ ಇದರ ಎರಡು ದಿನದ ಕೆಲಸ! ಸಿಚುವಾನ್, ಯುನ್ನಾನ್, ದಾಚಿಂಗ್‌ನಂಥ ಅನಿಲ ಸಿಗುವ ಜಾಗಗಳಲ್ಲಿ, ನಾನ್‌ಜಿಂಗ್, ಆನ್‌ಚಿಂಗ್, ಗ್ವಾಂಗ್‌ಜೌ ನಗರಗಳಲ್ಲಿ ಇವು ಎದ್ದವು. ಅಮೆರಿಕ ಮತ್ತು ಚೀನಾ ನಡುವೆ ಪೂರ್ಣ ರಾಜತಾಂತ್ರಿಕ ಸಂಬಂಧ ಏರ್ಪಟ್ಟದ್ದು 1979ರ ಜನವರಿ 1ರಂದು. ಅದಕ್ಕೆ ವರ್ಷಗಳ ಮೊದಲೇ ಅಮೆರಿಕದ ಎಂಜಿನಿಯರುಗಳು ಚೀನಾದ ಒಳನಾಡಿನಲ್ಲಿ ಬಿಡಾರ ಹೂಡಿದ್ದರು.

ದುಡ್ಡು ಎಲ್ಲಿಂದ? ಒಳಗೂ ಸಾಲವಿಲ್ಲ, ಹೊರಗೂ ಸಾಲವಿಲ್ಲ ಎಂದು ಚೀನಾ 1969ರಲ್ಲಿ ಹೆಮ್ಮೆಯಿಂದ ಸಾರಿಕೊಂಡಿತ್ತು. ಈಗ ಕೆಲವು ಯಂತ್ರಗಳನ್ನು ಬಡ್ಡಿ ಸಹಿತ ಕಂತಿನಲ್ಲಿ ಕೊಂಡಿತು. ಅದನ್ನು ಸಾಲ ಎನ್ನಲಿಲ್ಲ, ‘ಮುಂದೂಡಿದ ಪಾವತಿ’ ಎಂದಿತು. 1973ರಲ್ಲಿ ಜಪಾನಿಗೆ ಕಚ್ಚಾ ತೈಲ ಮಾರಲು ಶುರು ಮಾಡಿದ್ದೂ ಕೈಹಿಡಿಯಿತು. ಹಿರಿಯ ನಾಯಕ ಚೆನ್ ಯುನ್ ಅದೇ ವರ್ಷ ಬ್ಯಾಂಕ್ ಅಧಿಕಾರಿಗಳಿಗೆ ಒಂದು ಮಾತು ಹೇಳಿದರು. ಹಿಂದೆ ನಮ್ಮ ವ್ಯಾಪಾರದ ಮುಕ್ಕಾಲು ಪಾಲು ಸೋವಿಯತ್ ಬಣದೊಂದಿಗೆ ಇತ್ತು, ಈಗ ಮುಕ್ಕಾಲು ಪಾಲು ಬಂಡವಾಳಶಾಹಿ ದೇಶಗಳೊಂದಿಗೆ ಇದೆ. ಹಾಗಾಗಿ ಬಂಡವಾಳಶಾಹಿಯನ್ನು ಅಭ್ಯಾಸ ಮಾಡಿ ಎಂಬುದು ಅದರ ಸಾರ.

ಎಲ್ಲರೂ ಒಪ್ಪಿದರೆ? ಇಲ್ಲ. ಮಾವೋ ಪತ್ನಿ ಜಿಯಾಂಗ್ ಚಿಂಗ್ ಮತ್ತು ಸಂಗಡಿಗರಿಗೆ ಇದು ವಿದೇಶಿ ವಸ್ತುಗಳ ಗುಲಾಮಗಿರಿಯಾಗಿ ಕಂಡಿತು. 1974ರಲ್ಲಿ ಸ್ವದೇಶಿ ಹಡಗು ಫೆಂಗ್‌ಚಿಂಗ್ ಯುರೋಪಿಗೆ ಹೋಗಿ ಬಂದದ್ದೇ ನೆಪವಾಗಿ, ವಿದೇಶಿ ಹಡಗು ಕೊಳ್ಳುವವರ ಮೇಲೆ ಅವರು ಹರಿಹಾಯ್ದರು. ಪಾಲಿಟ್‌ಬ್ಯೂರೋ ಸಭೆಯಲ್ಲಿ ಡೆಂಗ್ ಷಿಯಾವೊಪಿಂಗ್ ಅವರೊಂದಿಗೆ ನೇರ ಜಗಳವೇ ಆಯಿತು. ತೈಲ, ಕಲ್ಲಿದ್ದಲು ಮಾರಿ ಯಂತ್ರ ತರುವ ಡೆಂಗ್ ಸಲಹೆಯನ್ನು 1976ರಲ್ಲಿ ದೇಶದ್ರೋಹವೆಂಬಂತೆ ಟೀಕಿಸಲಾಯಿತು. ಅದೇ ಅಕ್ಟೋಬರಿನಲ್ಲಿ ಜಿಯಾಂಗ್ ಚಿಂಗ್ ಗುಂಪು ಬಂಧನಕ್ಕೊಳಗಾಯಿತು. ಕಾರ್ಖಾನೆಗಳು ಒಂದೊಂದಾಗಿ ಹೊಗೆಯಾಡತೊಡಗಿದವು.

ಫಲವೇನು? 1978ರಲ್ಲಿ ಸುಮಾರು 30.5 ಕೋಟಿ ಟನ್ ಇದ್ದ ಧಾನ್ಯೋತ್ಪಾದನೆ 1984ರಲ್ಲಿ 40.7 ಕೋಟಿ ಟನ್ನಿಗೆ ಏರಿತು. ಇದೆಲ್ಲ ಹದಿಮೂರು ಕಾರ್ಖಾನೆಗಳ ಪುಣ್ಯ ಎಂದರೆ ತಪ್ಪಾದೀತು. ಜಮೀನಿನ ಉಸ್ತುವಾರಿ ರೈತ ಕುಟುಂಬಗಳ ಕೈಗೆ ಮರಳಿತ್ತು, ಯುವಾನ್ ಲಾಂಗ್‌ಪಿಂಗ್ ಅವರ ಹೈಬ್ರಿಡ್ ಭತ್ತ ಬಂದಿತ್ತು. ಆದರೆ ಆ ತಳಿಗಳಿಗೆ ಗೊಬ್ಬರ ಇಲ್ಲದಿದ್ದರೆ ಇಳುವರಿ ಎಲ್ಲಿಂದ? ಬಟ್ಟೆ ಕೂಪನ್ನೂ 1983ರ ಕೊನೆಗೆ ರದ್ದಾಯಿತು. ಯೂರಿಯಾ ಚೀಲ ಮತ್ತೆ ಬರೀ ಚೀಲವಾಯಿತು.

ಬೆಲೆಯೂ ತೆರಬೇಕಾಯಿತು. ಮಿತಿಮೀರಿ ಸುರಿದ ಗೊಬ್ಬರ ಕೆರೆ, ಹೊಳೆ ಸೇರಿತು. ಚರಂಡಿ ನೀರು, ಕಾರ್ಖಾನೆ ಕೊಳೆಯೂ ಕೂಡಿ 2007ರಲ್ಲಿ ತೈಹು ಸರೋವರ ಪಾಚಿಗಟ್ಟಿ, ವೂಷಿ ನಗರದ ನಲ್ಲಿ ನೀರು ಕುಡಿಯಲಾರದಷ್ಟು ನಾರಿತು. 2015ರಲ್ಲಿ ಸರ್ಕಾರವೇ ಗೊಬ್ಬರ ಬಳಕೆಗೆ ಕಡಿವಾಣ ಹಾಕುವ ಯೋಜನೆ ಹೊರಡಿಸಿತು.

ಇಷ್ಟೆಲ್ಲ ಕೇಳಿ, ಕೊನೆಗೂ ಬಂಡವಾಳಶಾಹಿ ಗೆದ್ದಿತು ಎಂದು ನೀವು ಹೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ಚೀನಾ ಅಕ್ಕಿಯನ್ನಷ್ಟೇ ಕೊಂಡಿದ್ದರೆ ಪ್ರತಿ ವರ್ಷ ಕೊಳ್ಳುತ್ತಲೇ ಇರಬೇಕಿತ್ತು. ಗೊಬ್ಬರವನ್ನಷ್ಟೇ ಕೊಂಡಿದ್ದರೂ ಅದೇ ಪಾಡು. ಅದು ಕೊಂಡದ್ದು ಕಾರ್ಖಾನೆಯನ್ನು, ಅದರ ಜತೆಗೆ ನಡೆಸುವ ವಿದ್ಯೆಯನ್ನು. ಮುಂದೆ ಜಗತ್ತಿನಲ್ಲೇ ಅತಿ ಹೆಚ್ಚು ಸಾರಜನಕ ಗೊಬ್ಬರ ಮಾಡುವ ದೇಶವಾಯಿತು. ನಮ್ಮ ದೇಶವೂ ಅಲ್ಲಿಂದ ಯೂರಿಯಾ ತರಿಸಿಕೊಂಡಿದೆ. 2021ರ ಅಕ್ಟೋಬರಿನಲ್ಲಿ ಚೀನಾ ಗೊಬ್ಬರದ ರಫ್ತು ಬಿಗಿ ಮಾಡಿದಾಗ ಅದರ ಬಿಸಿ ಇಲ್ಲಿಗೂ ತಟ್ಟಿತು.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ನಮ್ಮಲ್ಲಿದೆ. ವ್ಯಾಪಾರ ನಿಷೇಧಿಸಿದ ಅಮೆರಿಕಕ್ಕೂ ಒಂದು ಜುಟ್ಟಿತ್ತು, ವಿದೇಶಿ ಯಂತ್ರ ಬೇಡವೆಂದ ಪೀಕಿಂಗ್ ಮುಖಂಡರಿಗೂ ಒಂದು ಜುಟ್ಟಿತ್ತು. ಎರಡರ ನಡುವೆ ಕಾದು ಕೂತವನು ರೈತ. 1913ರಲ್ಲಿ ಜರ್ಮನಿಯಲ್ಲಿ ಶುರುವಾದ ವಿದ್ಯೆ ದೊಡ್ಡ ಪ್ರಮಾಣದಲ್ಲಿ ಅವನ ಹೊಲ ಮುಟ್ಟಲು ಅರವತ್ತು ವರ್ಷ ಹಿಡಿಯಿತು. ಸ್ವಾವಲಂಬನೆ ದೊಡ್ಡ ಮಾತು, ನಿಜ. ಆದರೆ ಆ ಮಾತು ಕೇಳಿದಾಗಲೆಲ್ಲ, ಅಲ್ಲಿಯವರೆಗೆ ಹಸಿದಿರಬೇಕಾದವರು ಯಾರು ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.